ಬೇಸಿಗೆಯಲ್ಲಿ ನಿದ್ರಿಸುವ ಡಡ್ಲಿಯಾ: ಬೆಳೆಸುವ ಬಗೆ

ಅಮೆರಿಕದ ಆರೆಗಾನ್‌ನಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದವರೆಗಿನ ಪೆಸಿಫಿಕ್ ತೀರದಲ್ಲಿ, ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಬೇರೂರಿ, ಉಪ್ಪುಗಾಳಿಗೂ ಮಂಜಿಗೂ ಮೈಯೊಡ್ಡಿ ಬೆಳೆಯುವ ರಸಭರಿತ ಸಸ್ಯ ಡಡ್ಲಿಯಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ವಿಲಿಯಂ ರಸೆಲ್ ಡಡ್ಲಿ ಅವರ ಗೌರವಾರ್ಥ 1903ರಲ್ಲಿ ಈ ಕುಲಕ್ಕೆ ಆ ಹೆಸರನ್ನು ಇಡಲಾಯಿತು. ನೋಡಲು ಎಚೆವೇರಿಯಾ ಎಂಬ ಇನ್ನೊಂದು ರಸಭರಿತ ಸಸ್ಯದಂತೆಯೇ ಇರುವುದರಿಂದ ಅದರಂತೆಯೇ ಆರೈಕೆ ಮಾಡಲು ಹೋಗಿ ಗಿಡ ಕಳೆದುಕೊಳ್ಳುವವರು ಹಲವರು. ಡಡ್ಲಿಯಾದ ಹುಟ್ಟೂರಿನಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ. ಆದ್ದರಿಂದ ಅದು ಚಳಿಯಲ್ಲಿ ಚಿಗುರಿ, ಬೇಸಿಗೆಯಲ್ಲಿ ನಿದ್ರಿಸುತ್ತದೆ.

ಮೊದಲು ಕುಂಡವನ್ನು ಆರಿಸಿಕೊಳ್ಳಬೇಕು. ತಳದಲ್ಲಿ ತೂತಿರುವ ಸಾದಾ ಮಣ್ಣಿನ ಕುಂಡ ಪಿಂಗಾಣಿಗಿಂತ ಲೇಸು, ಏಕೆಂದರೆ ಅದರ ಗೋಡೆಯ ಮೂಲಕವೂ ತೇವ ಆರುತ್ತದೆ. ಗೊಬ್ಬರ ಹೆಚ್ಚಿಲ್ಲದ ಮಣ್ಣಿಗೆ ಅಷ್ಟೇ ಪ್ರಮಾಣದ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳು ಬೆರೆಸಿದರೆ ನೀರು ನಿಲ್ಲದೆ ಬಸಿದುಹೋಗುತ್ತದೆ.

ನೆಡುವಾಗ ಗಿಡವನ್ನು ನೆಟ್ಟಗೆ ನಿಲ್ಲಿಸದೆ ತುಸು ಓರೆಯಾಗಿಸಬೇಕು. ಬಂಡೆಯ ಇಳಿಜಾರಿನಲ್ಲಿ ಅದು ಇರುವುದೇ ಹಾಗೆ. ನೆಟ್ಟಗಿದ್ದರೆ ಎಲೆಗುಚ್ಛದ ನಡುವೆ ನೀರು ನಿಂತು ಸುಳಿ ಕೊಳೆಯುತ್ತದೆ. ಹಲವು ಪ್ರಭೇದಗಳ ಎಲೆಗಳಿಗೆ ಬೂದಿ ಬಳಿದಂತೆ ಕಾಣುವ ಬಿಳಿ ಮೇಣದ ಪುಡಿಯ ಲೇಪವಿರುತ್ತದೆ. ತೇವ ಆರದಂತೆ ಕಾಯುವ, ಅತಿನೇರಳೆ ಕಿರಣಗಳನ್ನು ಹಿಮ್ಮೆಟ್ಟಿಸುವ ಈ ಲೇಪ ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಅದೇ ಎಲೆಯಲ್ಲಿ ಮತ್ತೆ ಮೂಡುವುದಿಲ್ಲ. ಆದ್ದರಿಂದ ಗಿಡವನ್ನು ಬುಡದಲ್ಲಿಯೇ ಹಿಡಿಯಬೇಕು. ಮುಟ್ಟಿ ನೋಡುವ ಆಸೆಯನ್ನು ತಡೆಯುವುದು ಸುಲಭವಲ್ಲ ಎಂಬುದೂ ನಿಜ.

ಶರತ್ಕಾಲದಿಂದ ವಸಂತದವರೆಗೆ, ಮೇಲ್ಮಣ್ಣು ಒಣಗಿದ ನಂತರವಷ್ಟೇ, ಬುಡಕ್ಕೆ ಚೆನ್ನಾಗಿ ನೀರುಣಿಸಬೇಕು. ಹೂವು ಮುಗಿದಂತೆ ನೀರನ್ನು ಕ್ರಮೇಣ ಕಡಿಮೆ ಮಾಡಬೇಕು. ಬೇಸಿಗೆಯಲ್ಲಿ ಹೊರಗಿನ ಎಲೆಗಳು ಒಣಗಿ ಗುಚ್ಛ ಮುದುಡಿದಾಗ ಮನಸ್ಸು ಕರಗಿ ನೀರು ಸುರಿಯುವುದೇ ದೊಡ್ಡ ತಪ್ಪು. ಬಿಸಿಯೂ ತೇವವೂ ಸೇರಿದರೆ ಬೇರು ಕೊಳೆಯುತ್ತದೆ. ತೀವ್ರ ಬಿಸಿಲಿರುವ ಕಡೆ ಮಧ್ಯಾಹ್ನದ ಹೊತ್ತು ನೆರಳು ಬೇಕು.

ಹೂದಂಟು ಗುಚ್ಛದ ನಡುವಿನಿಂದಲ್ಲ, ಪಕ್ಕದ ಎಲೆಗಳ ಕಂಕುಳಿನಿಂದ ಹೊರಡುವುದರಿಂದ ಹೂ ಬಿಟ್ಟ ಮೇಲೂ ಗಿಡ ಉಳಿದು, ವರ್ಷವರ್ಷವೂ ಹೂ ಬಿಡುತ್ತದೆ. ಫ್ಯಾರಿನೋಸಾ ಪ್ರಭೇದದ ಹೂವು ತಿಳಿಹಳದಿ. ಪಲ್ವರುಲೆಂಟಾದ ಕೆಂಪು ಹೂಗಳಿಗೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆ. ಹಿಟ್ಟು ತಿಗಣೆಯ ಕಾಟವನ್ನು ಮಾತ್ರ ಆಗಾಗ ಗಮನಿಸಬೇಕು.

ಗಿಡವನ್ನು ಎಲ್ಲಿಂದ ತರುವುದು ಎಂಬುದೂ ಮುಖ್ಯ. ಕಳ್ಳರು ಬಂಡೆಗಳಿಂದ ಸಾವಿರಾರು ಗಿಡಗಳನ್ನು ಕಿತ್ತು ಮಾರಿದ್ದರಿಂದ, ಅನುಮತಿಯಿಲ್ಲದೆ ಅವುಗಳನ್ನು ಕೀಳುವುದನ್ನೂ ಹಾಗೆ ಕಿತ್ತವನ್ನು ಮಾರುವುದನ್ನೂ ನಿಷೇಧಿಸುವ ಕಾನೂನನ್ನು ಕ್ಯಾಲಿಫೋರ್ನಿಯಾ 2021ರಲ್ಲಿ ಅಂಗೀಕರಿಸಿತು. ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳಬೇಕು, ಇಲ್ಲವೇ ಬೀಜವನ್ನೇ ಬಿತ್ತಬೇಕು. ಎಚೆವೇರಿಯಾದಂತೆ ಕಿತ್ತ ಎಲೆಯಿಂದ ಇದು ಸುಲಭವಾಗಿ ಚಿಗುರುವುದಿಲ್ಲ. ಧೂಳಿನಷ್ಟು ಸಣ್ಣದಾದ ಬೀಜವನ್ನು ಶರತ್ಕಾಲದಲ್ಲಿ ತೇವದ ಮಣ್ಣಿನ ಮೇಲೆ ಉದುರಿಸಿ, ಮಣ್ಣು ಮುಚ್ಚದೆ ಬೆಳಕಿನಲ್ಲಿಟ್ಟು, ಕೆಳಗಿನ ತಟ್ಟೆಯಿಂದ ನೀರು ಹೀರಿಕೊಳ್ಳುವಂತೆ ಮಾಡಬೇಕು. ಮೇಲಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ.