ಎಡಗೈಗೆ ಕೆಲಸ ಕೊಟ್ಟೆ, ಕಟಿಂಗ್ ಬೇಗ ಮುಗಿಯಿತು

ಮದುವೆ ವಿಡಿಯೋದಲ್ಲಿ ಮುಕ್ಕಾಲು ಕೆಲಸ ಕತ್ತರಿಸುವುದೇ. ಎರಡು ಕ್ಯಾಮೆರಾ, ನಾಂದಿಯಿಂದ ಆರತಕ್ಷತೆವರೆಗೆ ಏಳೆಂಟು ಗಂಟೆಯ ಫೂಟೇಜ್. ಅದನ್ನು ಎರಡು ಗಂಟೆಗೆ ಇಳಿಸಬೇಕು. ಮೊದಲೆಲ್ಲ ನಾನು ಪ್ರೀಮಿಯರ್ ಪ್ರೋ ಎಂಬ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಮೌಸ್‌ನಲ್ಲೇ ಮಾಡುತ್ತಿದ್ದೆ. ರೇಜರ್ ಟೂಲ್ ತಗೋ, ಕತ್ತರಿಸು, ಸೆಲೆಕ್ಷನ್ ಟೂಲ್‌ಗೆ ಬಾ, ಬೇಡದ ತುಂಡು ಅಳಿಸು, ಖಾಲಿ ಜಾಗ ಮುಚ್ಚು. ಒಂದು ಕಟ್‌ಗೆ ಐದು ಕೆಲಸ! ರಾತ್ರಿ ಹೊತ್ತಿಗೆ ಬಲಗೈ ಮಣಿಕಟ್ಟು ನೋಯುತ್ತಿತ್ತು.

ಹಾಗಾಗಿ ಕೀಬೋರ್ಡಿನ ಕೀಗಳಿಗೆ ಬಂದೆ. ಮೊದಲು ಕಲಿತದ್ದು ಜೆ, ಕೆ, ಎಲ್. ಎಲ್ ಒತ್ತಿದರೆ ಮುಂದೆ, ಜೆ ಹಿಂದೆ, ಕೆ ನಿಲ್ಲಿಸಲು. ಎಲ್ ಎರಡು ಸಲ ಒತ್ತಿದರೆ ವೇಗ ಹೆಚ್ಚುತ್ತದೆ. ನೆಂಟರು ಅಕ್ಷತೆ ಹಾಕುವ ಉದ್ದದ ಸಾಲನ್ನು ನಾನು ಹೀಗೇ ಓಡಿಸಿ ನೋಡುತ್ತೇನೆ.

ನಿಜವಾಗಿ ಕೈ ಹಿಡಿದದ್ದು ಕ್ಯೂ ಮತ್ತು ಡಬ್ಲ್ಯೂ. ಪ್ಲೇಹೆಡ್ (ವಿಡಿಯೋ ಎಲ್ಲಿದೆ ಎಂದು ತೋರಿಸುವ ಗೆರೆ) ನಿಲ್ಲಿಸಿ ಕ್ಯೂ ಒತ್ತಿದರೆ ಹಿಂದಿನ ಕಟ್‌ನಿಂದ ಅಲ್ಲಿಯವರೆಗಿನ ಭಾಗ ಹೋಗುತ್ತದೆ, ಜಾಗವೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಡಬ್ಲ್ಯೂ ಮುಂದಿನ ಕಟ್‌ವರೆಗಿನದನ್ನು ತೆಗೆಯುತ್ತದೆ. ಐದು ಕೆಲಸ ಒಂದಾಯಿತು. ಆದರೆ ಶುರುವಿನಲ್ಲಿ ಒಂದು ಸಲ ಕೆಳಗಿದ್ದ ನಾದಸ್ವರದ ಟ್ರ್ಯಾಕ್ ಕೂಡ ತುಂಡಾಗಿತ್ತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ಗಂಟೆಯ ಕೆಲಸ ಮುಗಿದಿತ್ತು. ಈಗ ಕ್ಯೂ ಮುಟ್ಟುವ ಮೊದಲು ಹಿನ್ನೆಲೆ ಸಂಗೀತದ ಟ್ರ್ಯಾಕ್‌ಗೆ ಲಾಕ್ ಹಾಕುತ್ತೇನೆ. ನೀವೂ ಹಾಕಿ.

ಆಮೇಲೆ ಕೀಗಳನ್ನು ಬದಲಿಸಲು ಧೈರ್ಯ ಬಂತು. ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್, ಕೆ ಒಟ್ಟಿಗೆ ಒತ್ತಿದರೆ ಇಡೀ ಕೀಬೋರ್ಡಿನ ಚಿತ್ರ ಬರುತ್ತದೆ. ಕ್ಲಿಪ್ ಕತ್ತರಿಸಲು ಕಂಟ್ರೋಲ್ ಮತ್ತು ಕೆ ಇತ್ತು. ಎಡಗೈ ಅಷ್ಟು ದೂರ ಹಿಗ್ಗುವುದಿಲ್ಲ ಅಲ್ವಾ? ಅದನ್ನು ಎಸ್‌ಗೆ ತಂದೆ. ಎಸ್‌ನಲ್ಲಿ ಸ್ನ್ಯಾಪ್ (ಕ್ಲಿಪ್‌ಗಳ ಅಂಚು ತಾನಾಗಿ ಅಂಟಿಕೊಳ್ಳುವ ಸೌಲಭ್ಯ) ಇದೆ ಎಂದು ಕೆಳಗೆ ಎಚ್ಚರಿಕೆ ಬಂತು, ಸ್ನ್ಯಾಪ್‌ಗೆ ಖಾಲಿ ಇದ್ದ ಬೇರೆ ಕೀ ಕೊಟ್ಟೆ. ತುಂಡು ಅಳಿಸಿ ಜಾಗವನ್ನೂ ಮುಚ್ಚುವ ರಿಪಲ್ ಡಿಲೀಟ್‌ಗೆ ಎಕ್ಸ್. ಅಷ್ಟೇ. ಒಂದೇ ದಿನ ಹತ್ತು ಕೀ ಬದಲಿಸಿದರೆ ಬೆರಳು ಗಲಿಬಿಲಿಯಾಗುತ್ತದೆ. ವಾರಕ್ಕೆ ಎರಡು ಸಾಕು. ಯಾವುದನ್ನು ಬದಲಿಸಬೇಕು ಎಂದು ತಿಳಿಯಲು ಮೌಸ್ ಹಿಡಿದು ಮೆನುಗೆ ಹೋದಾಗಲೆಲ್ಲ ಒಂದು ಚೀಟಿಯಲ್ಲಿ ಗೀಟು ಹಾಕುತ್ತಿದ್ದೆ. ಜಾಸ್ತಿ ಗೀಟು ಬಿದ್ದದ್ದಕ್ಕೆ ಮೊದಲ ಕೀ.

ಕನ್ನಡದಲ್ಲಿ ಟೈಟಲ್ ಬರೆಯುವವರಿಗೆ ಇನ್ನೊಂದು ಮಾತು. ವಧು-ವರರ ಹೆಸರು ಟೈಪ್ ಮಾಡಿ, ಕ್ಲಿಪ್‌ಗಳು ಸಾಲಾಗಿರುವ ಟೈಮ್‌ಲೈನ್‌ಗೆ ಬಂದಾಗ ನನ್ನ ಒಂದು ಕೀಯೂ ಕೆಲಸ ಮಾಡಲಿಲ್ಲ. ಸುಮ್ನೆ ಎರಡು ಸಲ ರೀಸ್ಟಾರ್ಟ್ ಮಾಡಿದೆ. ಕೀಬೋರ್ಡ್ ಕನ್ನಡದಲ್ಲೇ ಉಳಿದಿತ್ತು! ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬಂದರೆ ಎಲ್ಲ ಸರಿ.

ನಿಮ್ಮ ಬದಲಾವಣೆಗಳಿಗೆ ಹೆಸರು ಕೊಟ್ಟು ಸೇವ್ ಮಾಡಿ. ಅದು ಕೆವೈಎಸ್ ಎಂಬ ಚಿಕ್ಕ ಫೈಲ್ ಆಗಿ ಡಾಕ್ಯುಮೆಂಟ್ಸ್‌ನಲ್ಲಿ, ಅಡೋಬಿ ಫೋಲ್ಡರಿನ ಒಳಗೆ ಇರುತ್ತದೆ. ನಾನು ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಂಡಿದ್ದೇನೆ. ಸೀಸನ್‌ನಲ್ಲಿ ಸ್ನೇಹಿತರ ಸ್ಟುಡಿಯೋದಲ್ಲಿ ಕೂತಾಗ ಅದನ್ನು ಹಾಕಿಕೊಳ್ಳುತ್ತೇನೆ, ಏಳುವ ಮೊದಲು ಅವರ ಸೆಟ್ಟಿಂಗ್‌ಗೆ ವಾಪಸ್ ತಂದಿಡುತ್ತೇನೆ.