ಮಿಣುಕುಹುಳದ ಬೆಳಕನ್ನೇ ಕಸುಬು ಮಾಡಿಕೊಳ್ಳೋದು ಹೇಗೆ?

ಬೆಳಕು ಸೂಸುವ ಜೀವಿಗಳ ಮೇಲೆ ಸಂಶೋಧನೆ ಮಾಡಬೇಕು ಅಂತ ಆಸೆ ಇದ್ದರೆ ಮೊದಲೇ ಹೇಳಿಬಿಡುತ್ತೇನೆ, ಆ ಹೆಸರಿನ ಡಿಗ್ರಿ ಹುಡುಕಬೇಡಿ. ಈ ಬೆಳಕು ಕಿಣ್ವದ ಕೆಲಸ. ಕಿಣ್ವ ಗೊತ್ತಿದ್ದವರಿಗೆ ಹುಳ ಆದರೇನು, ಬ್ಯಾಕ್ಟೀರಿಯಾ ಆದರೇನು? ಹಾಗಾಗಿ ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಬಿಡಬೇಡಿ, ಸಿಕ್ಕರೆ ಬಯೋಕೆಮಿಸ್ಟ್ರಿ ಜೊತೆಗೆ ತಗೊಳ್ಳಿ.

ಮಿಣುಕುಹುಳದ ಲೆಕ್ಕ ಸುಲಭ. ಲೂಸಿಫೆರಿನ್ ಅನ್ನುವ ವಸ್ತು, ಲೂಸಿಫೆರೇಸ್ ಅನ್ನುವ ಕಿಣ್ವ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ, ಮೆಗ್ನೀಸಿಯಂ, ಆಕ್ಸಿಜನ್. ಇಷ್ಟು ಸೇರಿದರೆ ಹಳದಿ-ಹಸಿರು ಬೆಳಕು. ಬಫರ್, ಅಂದರೆ ಇವನ್ನೆಲ್ಲ ಕದಡಿದ ದ್ರಾವಣ, ಹುಳಿಯ ಕಡೆ ವಾಲಿದರೆ ಅದೇ ಬೆಳಕು ಕೆಂಪಗಾಗುತ್ತದೆ, ಅದಕ್ಕೇ ಪಿಎಚ್ (ಹುಳಿಯ ಅಳತೆ) ಸರಿಯಾಗಿ ನೋಡೋದು ಕಲಿಯಿರಿ ಅಂತ ಬಡಿದುಕೊಳ್ಳೋದು. ಎಟಿಪಿ ಬೇಕೇ ಬೇಕು ಅಂತ 1947ರಲ್ಲಿ ತೋರಿಸಿದವರು ಅಮೆರಿಕದ ವಿಜ್ಞಾನಿ ವಿಲಿಯಂ ಮೆಕೆಲ್ರಾಯ್. ಅವರು ಬಾಲ್ಟಿಮೋರಿನ ಮಕ್ಕಳಿಗೆ ಕಾಸು ಕೊಟ್ಟು ಹುಳ ಹಿಡಿಸುತ್ತಿದ್ದರು. ನೀವು ಪಾಂಡವಪುರದ ನಾಲೆ ಏರಿ ಮೇಲೆ ಬಾಟಲಿ ಹಿಡಿದು ಹೋಗುವ ಅಗತ್ಯ ಇಲ್ಲ, ದಯವಿಟ್ಟು ಹೋಗಲೂಬೇಡಿ. 1985ರಲ್ಲೇ ಈ ಕಿಣ್ವದ ಜೀನ್ ಕ್ಲೋನ್ ಆಯಿತು, ಈಗ ಅದನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿಕೊಳ್ಳುತ್ತಾರೆ.

ಮನೆಯಲ್ಲೇ ಕೈ ಪಳಗಿಸಬೇಕಾ? ಮಂಗಳೂರಿನಿಂದ ಐಸ್‌ನಲ್ಲಿ ಬರುವ ಸಮುದ್ರದ ಮೀನು, ಸಿಕ್ಕರೆ ಸ್ಕ್ವಿಡ್, ಒಂದು ತನ್ನಿ. ಕೆಆರ್‌ಎಸ್ ಹಿನ್ನೀರಿನ ಕಾಟ್ಲಾ, ರೋಹು ನಡೆಯೋದಿಲ್ಲ, ನಮಗೆ ಬೇಕಾದ ಬ್ಯಾಕ್ಟೀರಿಯಾ ಉಪ್ಪುನೀರಿನದು. ನಲ್ಲಿ ಕೆಳಗೆ ತೊಳೆಯಬೇಡಿ, ಫ್ರೀಜರ್‌ನಲ್ಲಿ ಗಟ್ಟಿಯಾಗಿದ್ದದ್ದು ಬೇಡ. ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕದಡಿ, ಮೀನು ಅರ್ಧ ಮುಳುಗುವಷ್ಟು ತಟ್ಟೆಗೆ ಹಾಕಿ, ಮುಚ್ಚಿ, ಒಂದೆರಡು ದಿನ ತಣ್ಣಗಿರುವ ಕಡೆ ಇಡಿ. ಮೈಸೂರಿನ ಡಿಸೆಂಬರ್ ರಾತ್ರಿ ಇದಕ್ಕೆ ಒಳ್ಳೇದು, ಏಪ್ರಿಲ್‌ನಲ್ಲಿ ಮಾಡಿದರೆ ಬರೀ ನಾತ ಸಿಗುತ್ತದೆ. ಲೈಟ್ ಆರಿಸಿ, ಕತ್ತಲಿಗೆ ಕಣ್ಣು ಹೊಂದುವವರೆಗೆ ಹತ್ತು ನಿಮಿಷ ಸುಮ್ನೆ ಕೂತು, ಆಮೇಲೆ ನೋಡಿ. ಅದೃಷ್ಟ ಇದ್ದರೆ ಚರ್ಮದ ಮೇಲೆ ನೀಲಿ-ಹಸಿರು ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆಯನ್ನು ಕಾಲೇಜಿನ ಲ್ಯಾಬಿನಲ್ಲಿ ಉಪ್ಪು ಹಾಕಿದ ದ್ರವ ಮೀಡಿಯಂನಲ್ಲಿ ಬೆಳೆಸಿ, ಫ್ಲಾಸ್ಕನ್ನು ಹಾಗೇ ಬಿಟ್ಟರೆ ಬೆಳಕು ಮಂಕಾಗುತ್ತದೆ, ಅಲ್ಲಾಡಿಸಿದರೆ ತಕ್ಷಣ ಏರುತ್ತದೆ. ಗಾಳಿಯ ಆಕ್ಸಿಜನ್ ಒಳಗೆ ಹೋಯಿತು, ಅಷ್ಟೇ. ಆ ಮೀನನ್ನು ಮಾತ್ರ ಸಾರು ಮಾಡಬೇಡಿ, ಅಡುಗೆಮನೆಯಲ್ಲಿ ಇಡಲೂಬೇಡಿ, ಕೈ ಸೋಪಿನಲ್ಲಿ ತೊಳೆಯಿರಿ.

ಇನ್ನು ಓದು. ಮೈಸೂರಿನಲ್ಲಿ ಯುವರಾಜ ಕಾಲೇಜಿದೆ, ಎಂಎಸ್ಸಿಗೆ ಮಾನಸಗಂಗೋತ್ರಿಯ ಬಯೋಕೆಮಿಸ್ಟ್ರಿ ವಿಭಾಗ ಇದೆ, ಆಹಾರದ ಕಡೆ ಒಲವಿದ್ದರೆ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎಲ್ಲಿ ಸೇರಿದರೂ ಪ್ರೋಟೀನ್ ಶುದ್ಧಿ ಮಾಡೋದನ್ನು ಚೆನ್ನಾಗಿ ಕಲಿಯಿರಿ. ಕಾಲಂ (ಪ್ರೋಟೀನುಗಳನ್ನು ಬೇರ್ಪಡಿಸುವ ಕೊಳವೆ) ಓಡಿಸೋದು, ಹೋಲಿಕೆಗೆ ಬ್ಲ್ಯಾಂಕ್ ಇಡೋದು, ಗೊತ್ತಿರುವ ಅಳತೆಗಳಿಂದ ಸ್ಟ್ಯಾಂಡರ್ಡ್ ಕರ್ವ್ ಎಳೆಯೋದು, ಇವೆಲ್ಲ ಬೇಜಾರಿನ ಕೆಲಸ ಅಂತ ಪಕ್ಕದವರ ರೆಕಾರ್ಡ್ ನೋಡಿ ಬರೆದುಕೊಂಡು ದಾಟಿಸುವವರು ಜಾಸ್ತಿ. ಅವರಿಗೆ ಈ ಕ್ಷೇತ್ರ ಬೇಡ.

ಯಾಕೆ ಅಂತೀರಾ? ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಫ್ರೈಡೇ ಹಾರ್ಬರ್‌ಗೆ ಹೋಗಿ ಜೆಲ್ಲಿ ಮೀನಿನ ಬೆಳಕನ್ನು ಹೊರತೆಗೆಯಲು ಕೂತರು. ಲೂಸಿಫೆರಿನ್-ಲೂಸಿಫೆರೇಸ್ ಸೂತ್ರ ಅಲ್ಲಿ ಹೊಂದಲೇ ಇಲ್ಲ. ಆ ಸೂತ್ರ ಪಕ್ಕಕ್ಕಿಟ್ಟು, ಬೆಳಕನ್ನು ತಡೆಯುವುದು ಹೇಗೆ ಅಂತ ಯೋಚಿಸಿ, ರಸವನ್ನು ಹುಳಿ ಮಾಡಿದರು. ಬೆಳಕು ನಿಂತಿತು. ಮಿಕ್ಕಿದ್ದನ್ನು ಸಿಂಕಿಗೆ ಚೆಲ್ಲಿದಾಗ ಸಿಂಕ್ ಒಳಗಡೆ ಫಳಾರ್ ಅಂತ ನೀಲಿ! ಆ ಸಿಂಕಿಗೆ ಅಕ್ವೇರಿಯಂನ ಸಮುದ್ರದ ನೀರು ಬರುತ್ತಿತ್ತು, ಅದರಲ್ಲಿದ್ದ ಕ್ಯಾಲ್ಸಿಯಂ ಬೆಳಕು ಹೊತ್ತಿಸಿತ್ತು. ಹೀಗೆ ಸಿಕ್ಕಿದ್ದು ಈಕ್ವೋರಿನ್ ಅನ್ನುವ ಬೆಳಕಿನ ಪ್ರೋಟೀನ್. ಅದನ್ನು ಶುದ್ಧ ಮಾಡುವಾಗ ಜೊತೆಗೆ ಬಂದ ಹಸಿರು ಪ್ರೋಟೀನನ್ನೂ ಎಸೆಯದೆ ಗಮನಿಸಿದರು. 2008ರ ಕೆಮಿಸ್ಟ್ರಿ ನೊಬೆಲ್ ಬಂದದ್ದು ಆ ಹಸಿರು ಪ್ರೋಟೀನಿಗೆ, ಅಂದರೆ ಜಿಎಫ್‌ಪಿಗೆ, ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಜೊತೆ. ಕಾಲಂ ಓಡಿಸಲು ಬೇಜಾರು ಪಡುವವರಿಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಮನೆಯಲ್ಲಿ “ಇಂಜಿನಿಯರಿಂಗ್ ಬಿಟ್ಟು ಹುಳ ಹಿಡಿಯೋಕೆ ಹೋಗ್ತೀಯಾ?” ಅಂತ ಕೇಳಿದರೆ ದುಡ್ಡಿನ ಮಾತೇ ಆಡಿ. ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆಯ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ, ಇದು 2023ರಲ್ಲಿ ಏರಿದ ದರ. ಪಿಎಚ್‌ಡಿ ಬೇಡ ಅನಿಸಿದರೂ ಕೈಯಲ್ಲಿ ಕಸುಬು ಇರುತ್ತದೆ. ಡೈರಿ, ಆಹಾರದ ಕಾರ್ಖಾನೆಗಳಲ್ಲಿ ತೊಳೆದ ಪೈಪು ನಿಜಕ್ಕೂ ಕ್ಲೀನ್ ಆಗಿದೆಯಾ ಅಂತ ನೋಡಲು ಇದೇ ಮಿಣುಕುಹುಳದ ಕಿಣ್ವ ಬಳಸುತ್ತಾರೆ. ಹತ್ತಿಕಡ್ಡಿಯಲ್ಲಿ ಒರೆಸಿ ಮೀಟರಿಗೆ ಹಾಕಿದರೆ, ಕೊಳೆಯಲ್ಲಿ ಎಟಿಪಿ ಎಷ್ಟಿದೆಯೋ ಬೆಳಕೂ ಅಷ್ಟು, ಉತ್ತರ ಕೆಲವೇ ಸೆಕೆಂಡಿನಲ್ಲಿ.

ಲ್ಯಾಬ್ ಹುಡುಕುವಾಗ ಮೇಲ್ ಚಿಕ್ಕದಾಗಿರಲಿ. “ಬಾಲ್ಯದಿಂದಲೂ ಆಸಕ್ತಿ” ಅನ್ನೋ ಸಾಲು ತೆಗೆಯಿರಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಅವರ ಒಂದು ಪೇಪರ್ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಅಂಶ ಕೇಳಿ, ನೀವೇ ಮಾಡಿದ ಒಂದು ಪ್ರಯೋಗದ ಗ್ರಾಫ್ ಲಗತ್ತಿಸಿ, ಸೊಟ್ಟಗಿದ್ದರೂ ಪರವಾಗಿಲ್ಲ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ.