ಹದಿನೈದು ತುಂಬುವ ಮೊದಲು: ಎಚ್‌ಪಿವಿ ಲಸಿಕೆಯ ವಯಸ್ಸು, ಖರ್ಚು ಮತ್ತು ದಿನಾಂಕಗಳ ಲೆಕ್ಕ

ನಮ್ಮ ಹಿರಿಯ ಮಗಳಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯ ಮೊದಲ ಡೋಸ್ ಬಿದ್ದದ್ದು ಅವಳಿಗೆ ಹದಿನೈದು ತುಂಬಿ ಮೂರು ವಾರ ಕಳೆದ ಮೇಲೆ. ಅಡಿಕೆಯ ಕೊನೆಕೊಯ್ಲು ಮುಗಿಯಲಿ, ಸುಲಿಯುವ ಗದ್ದಲ ಒಮ್ಮೆ ಇಳಿಯಲಿ, ಆಮೇಲೆ ಶಿರಸಿ ಪೇಟೆಗೆ ಹೋದರಾಯಿತು ಎಂದು ಮುಂದೂಡಿದ್ದಕ್ಕೆ ನಾವು ತೆತ್ತದ್ದು ಪೂರ್ತಿ ಒಂದು ಡೋಸಿನ ಹಣ ಮತ್ತು ಇನ್ನೊಂದು ಓಡಾಟ. ಕಿರಿಯವಳಿಗೆ ಹನ್ನೊಂದನೆಯ ವಯಸ್ಸಿನಲ್ಲೇ ಹಾಕಿಸಿದೆವು. ಎರಡು ಡೋಸಿಗೆ ಮುಗಿಯಿತು. ಆದ್ದರಿಂದ ಈ ಲಸಿಕೆಯ ವಿಚಾರ ಮನೆಯಲ್ಲಿ ಬಂದ ದಿನವೇ ಮಗಳ ಜನನ ಪ್ರಮಾಣಪತ್ರವನ್ನು ತೆಗೆದು, ಹದಿನೈದನೆಯ ಹುಟ್ಟುಹಬ್ಬಕ್ಕೆ ಇನ್ನೆಷ್ಟು ತಿಂಗಳಿದೆ ಎಂದು ಎಣಿಸಿ ನೋಡುವುದು ಒಳ್ಳೆಯದು. ಮಿಕ್ಕ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ, ಅಂದರೆ ಎಚ್‌ಪಿವಿಯ, ಸೋಂಕು. ಈ ವೈರಸ್ಸಿನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿದ್ದರೂ 16 ಮತ್ತು 18ನೆಯ ಬಗೆಗಳೆರಡೇ ಈ ಕ್ಯಾನ್ಸರಿನ ಸುಮಾರು ನೂರಕ್ಕೆ 70 ಪ್ರಕರಣಗಳಿಗೆ ಕಾರಣವಾಗಿವೆ. ಸೋಂಕು ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದುಕೊಂಡವರಲ್ಲಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅದು ಕ್ಯಾನ್ಸರಿಗೆ ತಿರುಗಬಹುದು. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆಯೇ ಹೊರತು ಆಗಲೇ ಒಳಹೊಕ್ಕಿರುವ ಸೋಂಕನ್ನು ವಾಸಿಮಾಡುವುದಿಲ್ಲ. ಸೋಂಕು ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದಾದ್ದರಿಂದ, ಅದಕ್ಕೆ ಬಹಳ ಮೊದಲೇ, ಒಂಬತ್ತರಿಂದ ಹದಿನಾಲ್ಕರ ನಡುವೆ ಲಸಿಕೆ ಹಾಕಿಸಬೇಕೆನ್ನುತ್ತಾರೆ. ಆ ವಯಸ್ಸಿನ ದೇಹದಲ್ಲಿ ಪ್ರತಿಕಾಯಗಳು ಹೆಚ್ಚು ಪ್ರಮಾಣದಲ್ಲಿ ಹುಟ್ಟುತ್ತವೆ ಎಂಬುದು ಎರಡನೆಯ ಕಾರಣ. ಡೋಸ್ ಕಡಿಮೆ ಸಾಕಾಗುವುದೂ ಅದರಿಂದಲೇ. ‘ಇಷ್ಟು ಸಣ್ಣ ಹುಡುಗಿಗೆ ಈಗಲೇ ಯಾಕೆ’ ಎಂದು ಕೇಳುವ ಅಜ್ಜಿಯಂದಿರಿಗೆ ನಾನು ಈ ಎರಡನೆಯ ಕಾರಣವನ್ನೇ ಮೊದಲು ಹೇಳುತ್ತೇನೆ. ಮಾತು ಅಲ್ಲಿಗೇ ಸಲೀಸಾಗಿ ಮುಗಿಯುತ್ತದೆ.

ಯಾರಿಗೆ, ಎಷ್ಟು ಡೋಸ್

ಒಂಬತ್ತು ತುಂಬಿದ ಮಗುವಿನಿಂದ ಹದಿನಾಲ್ಕು ವರ್ಷದವರ ತನಕ 2 ಡೋಸ್. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 6 ತಿಂಗಳಿಂದ 12 ತಿಂಗಳ ಅಂತರವಿರಬೇಕು. ಹದಿನೈದು ತುಂಬಿದ ಮೇಲೆ ಶುರುಮಾಡಿದವರಿಗೆ 3 ಡೋಸ್: ಮೊದಲನೆಯದು ಹಾಕಿಸಿದ ದಿನದಿಂದ 2 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಇಲ್ಲಿ ಗಮನಿಸಬೇಕಾದದ್ದು ಮೊದಲ ಡೋಸ್ ಬೀಳುವ ದಿನದ ವಯಸ್ಸನ್ನು ಮಾತ್ರ. ಹದಿನಾಲ್ಕು ವರ್ಷ ಹನ್ನೊಂದು ತಿಂಗಳಿಗೆ ಮೊದಲ ಡೋಸ್ ಪಡೆದ ಹುಡುಗಿಗೆ ಎರಡನೆಯದರ ಹೊತ್ತಿಗೆ ಹದಿನೈದು ದಾಟಿರುತ್ತದೆ. ಆದರೂ ಅವಳಿಗೆ ಮೂರನೆಯದು ಬೇಕಿಲ್ಲ. ನಮಗೆ ಈ ಮಾತು ಮೂರು ವಾರ ತಡವಾಗಿ ಗೊತ್ತಾಯಿತು.

ಅವಸರವೂ ನಷ್ಟವೇ. ಎರಡು ಡೋಸಿನ ಕ್ರಮದಲ್ಲಿ, ಊರಿಗೆ ಬಂದಾಗಲೇ ಮುಗಿಸಿಬಿಡೋಣ ಎಂದು ಐದು ತಿಂಗಳು ತುಂಬುವ ಮೊದಲೇ ಎರಡನೆಯದನ್ನು ಹಾಕಿಸಿದರೆ ಮೂರನೆಯದೊಂದು ಬೇಕಾಗುತ್ತದೆ. ತಡವಾದರೆ ಹಾಗಿಲ್ಲ: ಒಂದು ವರ್ಷ ದಾಟಿ ಹೋಗಿದ್ದರೂ ಮೊದಲಿನಿಂದ ಆರಂಭಿಸಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಎಚ್‌ಐವಿ ಇರುವವರಿಗೆ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಯಲ್ಲಿರುವವರಿಗೆ ವಯಸ್ಸು ಎಷ್ಟೇ ಇದ್ದರೂ 3 ಡೋಸಿನ ಕ್ರಮವನ್ನೇ ವೈದ್ಯರು ಹೇಳುತ್ತಾರೆ.

ಒಂದೇ ಡೋಸ್ ಸಾಕಂತೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಗಾಳಿಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2022ರ ಏಪ್ರಿಲ್‌ನಲ್ಲಿ ಪುರಾವೆಗಳನ್ನು ಪರಿಶೀಲಿಸಿ, 9ರಿಂದ 20 ವರ್ಷದೊಳಗಿನವರಿಗೆ ಒಂದು ಅಥವಾ ಎರಡು ಡೋಸಿನ ಕ್ರಮವನ್ನು ಅನುಸರಿಸಬಹುದೆಂದು ಹೇಳಿತು. ಸಾರ್ವಜನಿಕ ಅಭಿಯಾನಗಳಲ್ಲಿ ಹೆಚ್ಚು ಮಕ್ಕಳನ್ನು ತಲುಪಲು ಹಲವು ದೇಶಗಳು ಒಂದು ಡೋಸಿನ ಕ್ರಮಕ್ಕೆ ಬಂದಿವೆ. ನಮ್ಮ ಖಾಸಗಿ ವೈದ್ಯರು ಮಾತ್ರ ಲಸಿಕೆಯ ಪೊಟ್ಟಣದಲ್ಲಿರುವ ಎರಡು ಅಥವಾ ಮೂರರ ಕ್ರಮವನ್ನೇ ಸಾಮಾನ್ಯವಾಗಿ ಪಾಲಿಸುತ್ತಾರೆ. ಸರ್ಕಾರಿ ಶಿಬಿರದಲ್ಲಿ ಒಂದೇ ಡೋಸ್ ಕೊಟ್ಟು ಮುಗಿಯಿತೆಂದರೆ ಅದನ್ನು ಅರೆಬರೆ ಕೆಲಸವೆಂದು ತಿಳಿಯಬೇಕಾಗಿಲ್ಲ.

ಗಂಡುಮಕ್ಕಳಿಗೂ ಲಸಿಕೆ ಇದೆ. ನಮ್ಮ ದೇಶದಲ್ಲೇ ತಯಾರಾಗುವ ಸೆರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಗೆ 9ರಿಂದ 26 ವರ್ಷದ ಹುಡುಗ ಹುಡುಗಿಯರಿಬ್ಬರಿಗೂ ಅನುಮತಿಯಿದೆ. ಮನೆಯಲ್ಲಿ ಹಣ ಒಬ್ಬರಿಗೆ ಮಾತ್ರ ಸಾಲುವಂತಿದ್ದರೆ ಮೊದಲ ಸರದಿ ಹುಡುಗಿಯದೇ ಆಗಿರಲಿ. ಇಪ್ಪತ್ತಾರು ದಾಟಿದವರು, ಮದುವೆಯಾದವರು ಹಾಕಿಸಿಕೊಳ್ಳಲೇಬಾರದೆಂದೇನಿಲ್ಲ, ಆದರೆ ಅಷ್ಟರಲ್ಲಿ ಸೋಂಕು ತಗುಲಿರುವ ಸಾಧ್ಯತೆಯಿದ್ದು ಪ್ರಯೋಜನ ಕಡಿಮೆಯಾಗುತ್ತದೆ. ಅಂಥವರು ಸ್ತ್ರೀರೋಗ ತಜ್ಞರೊಂದಿಗೆ ಮಾತಾಡಿಯೇ ನಿರ್ಧರಿಸಬೇಕು. ಗರ್ಭಿಣಿಯರು ಹೆರಿಗೆಯ ತನಕ ಮುಂದೂಡುತ್ತಾರೆ. ಎದೆಹಾಲು ಕುಡಿಸುವುದಕ್ಕೆ ಇದು ಅಡ್ಡಿಯಲ್ಲ, ಮುಟ್ಟಿನ ದಿನವೂ ಅಡ್ಡಿಯಲ್ಲ. ಹಿಂದಿನ ಡೋಸಿಗೆ ತೀವ್ರ ಅಲರ್ಜಿಯಾಗಿದ್ದರೆ ಅಥವಾ ಯೀಸ್ಟ್ ಎಂದರೆ ಅಲರ್ಜಿ ಎಂದು ಗೊತ್ತಿದ್ದರೆ ಮೊದಲೇ ಹೇಳಬೇಕು.

ಖರ್ಚು

ದುಡ್ಡು ಕಟ್ಟುವ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನು ಒಮ್ಮೆ ಕೇಳಿ: ಸರ್ಕಾರದ ಉಚಿತ ಲಸಿಕೆ ಈಗ ಯಾವ ವಯಸ್ಸಿನವರಿಗೆ ಸಿಗುತ್ತಿದೆ, ನಮ್ಮ ಮಗಳು ಅದರಲ್ಲಿ ಬರುತ್ತಾಳೆಯೇ, ಶಿಬಿರ ಯಾವಾಗ ಎಂದು. ಕೇಂದ್ರ ಸರ್ಕಾರ 2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿಯೇ 9ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆಯನ್ನು ಉತ್ತೇಜಿಸುವುದಾಗಿ ಹೇಳಿತ್ತು. ಸಿಕ್ಕಿಂ ರಾಜ್ಯವಂತೂ 2018ರಲ್ಲೇ ಶಾಲೆಗಳ ಮೂಲಕ ಹಾಕಿಸಿತು. ಉಚಿತವಾಗಿ ಸಿಗುವುದಾದರೆ ಖಾಸಗಿಯಲ್ಲಿ ಹಣ ತೆರುವುದರಲ್ಲಿ ಅರ್ಥವಿಲ್ಲ. ಆದರೆ ಶಿಬಿರಕ್ಕೆ ಕಾಯುತ್ತ ಹದಿನೈದನೆಯ ಹುಟ್ಟುಹಬ್ಬವನ್ನು ಕಳೆದುಕೊಳ್ಳಲೂಬಾರದು.

ಖಾಸಗಿಯಲ್ಲಿ ಸಿಗುವ ಲಸಿಕೆಗಳ ನಡುವೆ ಬೆಲೆಯ ಅಂತರ ದೊಡ್ಡದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸೆರ್ವಾವ್ಯಾಕ್ ಒಂದು ಡೋಸಿಗೆ ಸುಮಾರು 2,000 ರೂಪಾಯಿ. 2022ರಲ್ಲಿ ಅನುಮತಿ ಪಡೆದು 2023ರಲ್ಲಿ ಬಿಡುಗಡೆಯಾದ ಇದು 6, 11, 16, 18 ಎಂಬ ನಾಲ್ಕು ಬಗೆಗಳನ್ನು ತಡೆಯುತ್ತದೆ. ಅದೇ ನಾಲ್ಕು ಬಗೆಗಳಿಗೆ ಇರುವ ಆಮದು ಲಸಿಕೆ ಗಾರ್ಡಸಿಲ್‌ಗೆ ಹೆಚ್ಚುಕಡಿಮೆ ಇದರ ಎರಡರಷ್ಟು ಬೆಲೆ. ಒಂಬತ್ತು ಬಗೆಗಳನ್ನು ತಡೆಯುವ ಗಾರ್ಡಸಿಲ್ 9 ಒಂದು ಡೋಸಿಗೆ 10,000 ರೂಪಾಯಿಯನ್ನು ಮೀರುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಸೆರ್ವಾವ್ಯಾಕ್ ಹಾಕಿಸಿದರೆ ಲಸಿಕೆಗೆ ಸುಮಾರು 4,000. ಹದಿನಾರರ ಹುಡುಗಿಗೆ ಸುಮಾರು 6,000. ಅದೇ ಹದಿನಾರರವಳಿಗೆ ಗಾರ್ಡಸಿಲ್ 9 ಆದರೆ 30,000ಕ್ಕೂ ಮೇಲೆ. ಇದರ ಮೇಲೆ ವೈದ್ಯರ ಫೀ, ಕೆಲವೆಡೆ ಚುಚ್ಚುವ ಶುಲ್ಕ, ಬಸ್ಸಿನ ಖರ್ಚು ಸೇರುತ್ತದೆ.

ಯಾವುದು ಒಳ್ಳೆಯದು ಎಂದರೆ, ಒಂಬತ್ತು ಬಗೆಗಳದ್ದರಿಂದ ಸಿಗುವ ರಕ್ಷಣೆ ಹೆಚ್ಚು ವ್ಯಾಪಕ. ಗರ್ಭಕಂಠದ ಕ್ಯಾನ್ಸರಿನ ಸುಮಾರು ನೂರಕ್ಕೆ 90 ಪ್ರಕರಣಗಳಿಗೆ ಕಾರಣವಾದ ಬಗೆಗಳು ಅದರಲ್ಲಿವೆ. ಹಾಗೆಂದು ಅದಕ್ಕಾಗಿ ಹಣ ಕೂಡಿಸುತ್ತ ಎರಡು ವರ್ಷ ಕಾಯುವುದಕ್ಕಿಂತ ಕೈಗೆಟಕುವ ನಾಲ್ಕು ಬಗೆಯದನ್ನು ಈಗಲೇ ಹಾಕಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ನಮ್ಮಿಬ್ಬರು ಮಕ್ಕಳಿಗೂ ಅದನ್ನೇ ಮಾಡಿದ್ದೇವೆ. ಶುರುಮಾಡಿದ ಕಂಪನಿಯ ಲಸಿಕೆಯಲ್ಲೇ ಉಳಿದ ಡೋಸುಗಳನ್ನೂ ಮುಗಿಸುವುದು ವಾಡಿಕೆ. ಆರೋಗ್ಯ ವಿಮೆಯ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನು ಕೊಡುವಂಥವು. ಲಸಿಕೆಯ ಹಣ ಅದರಿಂದ ಬರುತ್ತದೆಂದು ನೆಚ್ಚಿಕೊಳ್ಳಬೇಡಿ.

ದಿನಾಂಕ ಹೊಂದಿಸುವುದು

ನಮ್ಮ ಜಿಲ್ಲೆಯಲ್ಲಿ ಮುಹೂರ್ತ ಕೆಡಿಸುವುದು ಮಳೆ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಹಾಕಿಸೋಣವೆಂದರೆ ಘಟ್ಟದ ಮೇಲೆ ಆರಿದ್ರೆ ಹಿಡಿದಿರುತ್ತದೆ, ದೇವಿಮನೆ ಘಟ್ಟದಲ್ಲಿ ಮರ ಬಿತ್ತೆಂದರೆ ಕುಮಟಾ–ಶಿರಸಿ ಓಡಾಟ ನಿಂತಂತೆಯೇ. ಕರಾವಳಿಯವರಿಗೆ 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾದದ್ದು ನೆನಪಿದೆ. ಡಿಸೆಂಬರಿನಿಂದ ಕೊನೆಕೊಯ್ಲು, ಮಾರ್ಚ್‌ನಲ್ಲಿ ಪರೀಕ್ಷೆ. ಇವೆಲ್ಲವನ್ನೂ ಕಳೆದು ನೋಡಿದರೆ ನನಗೆ ಅತ್ಯಂತ ಅನುಕೂಲವೆನಿಸಿದ್ದು ದಸರಾ ರಜೆ. ಅಕ್ಟೋಬರ್ 10ರ ಹೊತ್ತಿಗೆ ಮೊದಲ ಡೋಸ್ ಹಾಕಿಸಿದರೆ ಆರು ತಿಂಗಳು ತುಂಬುವುದು ಏಪ್ರಿಲ್ 10ಕ್ಕೆ. ಅಷ್ಟರಲ್ಲಿ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಿರುತ್ತದೆ. ಮೂರು ಡೋಸಿನವರಿಗೆ ನಡುವಿನದು ಡಿಸೆಂಬರ್ 10ರ ಸುಮಾರಿಗೆ ಬೀಳುತ್ತದೆ. ಕೊಯ್ಲಿನ ನಡುವೆ ಅದೊಂದು ದಿನ ಹೇಗಾದರೂ ಬಿಡುವು ಮಾಡಿಕೊಳ್ಳಬೇಕು. ಹುಟ್ಟುಹಬ್ಬ ಜುಲೈಯಲ್ಲೋ ಆಗಸ್ಟಿನಲ್ಲೋ ಬಂದು ಹದಿನೈದು ತುಂಬುವಂತಿದ್ದರೆ ಮಾತ್ರ ದಸರೆಯನ್ನು ಕಾಯದೆ, ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು ಮೊದಲನೆಯದನ್ನು ಹಾಕಿಸಿಬಿಡಿ. ಎರಡನೆಯದು ದೀಪಾವಳಿಯ ಆಸುಪಾಸಿಗೆ ಬರುತ್ತದೆ.

ಹತ್ತು ಮತ್ತು ಹದಿನಾರನೆಯ ವಯಸ್ಸಿಗೆ ಸರ್ಕಾರದಿಂದ ಕೊಡುವ ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದಿನ ದಿನವೇ ಇನ್ನೊಂದು ತೋಳಿಗೆ ಇದನ್ನೂ ಕೊಡಬಹುದು.

ಹೊರಡುವ ಹಿಂದಿನ ದಿನ ಫೋನ್ ಮಾಡದೆ ಹೋಗಬೇಡಿ. ನಾವು ಮೊದಲ ಸಲ ಹೋದ ಒಂದು ಕ್ಲಿನಿಕ್ಕಿನಲ್ಲಿ ಒಂದೂವರೆ ಗಂಟೆ ಕಾಯಿಸಿ, ಆಮೇಲೆ ಸ್ಟಾಕ್ ಇಲ್ಲ, ಹುಬ್ಬಳ್ಳಿಯಿಂದ ತರಿಸಬೇಕು ಎಂದರು. ಫೋನಿನಲ್ಲಿ ಕೇಳಬೇಕಾದದ್ದು ಇಷ್ಟೇ: ಯಾವ ಕಂಪನಿಯದು ಇದೆ, ಒಟ್ಟು ಎಷ್ಟು ಹಣ, ನಾಳೆ ಇಷ್ಟು ಗಂಟೆಗೆ ಬಂದರೆ ನಮಗೊಂದು ಇಟ್ಟಿರುತ್ತೀರಾ. ಕಾರವಾರ, ಕುಮಟಾ, ಶಿರಸಿಯಂಥ ಪೇಟೆಗಳಲ್ಲಿ ಮಕ್ಕಳ ತಜ್ಞರಲ್ಲೋ ಸ್ತ್ರೀರೋಗ ತಜ್ಞರಲ್ಲೋ ವಿಚಾರಿಸಬೇಕು. ಔಷಧಿ ಅಂಗಡಿಯಲ್ಲಿ ಕೊಂಡು ಮನೆಯ ಫ್ರಿಜ್ಜಿನಲ್ಲಿಡುವ ಯೋಚನೆ ಬೇಡ: ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು, ಹೆಪ್ಪುಗಟ್ಟಿದರೂ ಕೆಡುತ್ತದೆ, ಮತ್ತು ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂಬುದು ಹೆಸ್ಕಾಂನ ಲೈನ್‌ಮನ್ನಿಗೂ ಹೇಳಲಾಗದು.

ಹಾಕಿಸುವ ದಿನ

ಮಗು ತಿಂಡಿ ತಿಂದು ಹೊರಡಲಿ, ತೋಳು ಸಡಿಲವಾಗಿರುವ ಅಂಗಿ ಹಾಕಿಕೊಳ್ಳಲಿ. ಜ್ವರ ಜೋರಾಗಿದ್ದರೆ ಗುಣವಾದ ಮೇಲೆ ಹೋಗಿ. ಸಣ್ಣ ನೆಗಡಿಗೆ ನಿಲ್ಲಿಸಬೇಕಿಲ್ಲ. ‘ತಂಗೀ, ಕೈ ಗಟ್ಟಿ ಮಾಡಬೇಡ, ಬಿಟ್ಟುಬಿಡು’ ಎಂದು ಹೇಳುತ್ತಲೇ ಸಿಸ್ಟರ್ ಭುಜದ ಕೆಳಗಿನ ಸ್ನಾಯುವಿಗೆ ಅರ್ಧ ಎಂಎಲ್ ಮದ್ದನ್ನು ಚುಚ್ಚಿ ಮುಗಿಸಿದರು. ಕಿರಿಯವಳು ಅತ್ತದ್ದು ಅದಕ್ಕಲ್ಲ, ಆಮೇಲೆ ಹದಿನೈದು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕೂರಬೇಕೆಂದದ್ದಕ್ಕೆ. ಆ ಹದಿನೈದು ನಿಮಿಷವನ್ನು ಬಿಡಬಾರದು. ಈ ವಯಸ್ಸಿನ ಮಕ್ಕಳಿಗೆ ಯಾವ ಚುಚ್ಚುಮದ್ದಿನ ನಂತರವೂ ತಲೆ ಸುತ್ತಿ ಬೀಳುವ ಸಂಭವವಿದೆ, ಮತ್ತು ಅಪರೂಪದ ತೀವ್ರ ಅಲರ್ಜಿ ಕಾಣಿಸಿಕೊಂಡರೆ ವೈದ್ಯರು ಪಕ್ಕದಲ್ಲೇ ಇರುತ್ತಾರೆ. ತೋಳಿನ ನೋವು, ಬಾವು, ಸಣ್ಣ ಜ್ವರ, ತಲೆನೋವು ಒಂದೆರಡು ದಿನ ಇರಬಹುದು. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಇದರಿಂದ ಸೋಂಕು ಬರುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ.

ಕಾರ್ಡಿನ ಮೇಲೆ ಲಸಿಕೆಯ ಹೆಸರು, ಬ್ಯಾಚ್ ನಂಬರ್, ಹಾಕಿದ ದಿನಾಂಕ, ಮುಂದಿನ ದಿನಾಂಕ ಇವು ನಾಲ್ಕೂ ಇವೆಯೇ ಎಂದು ಅಲ್ಲಿಯೇ ಓದಿ ನೋಡಿ, ಫೋಟೋ ತೆಗೆದುಕೊಂಡು ಬನ್ನಿ. ಮುಂದಿನ ದಿನಾಂಕವನ್ನು ನಾವು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಹೋದರೆ ಆ ಏಪ್ರಿಲ್ ಅದರಲ್ಲಿ ಇರಲೇ ಇಲ್ಲ. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನ ನೆನಪಿಟ್ಟು ಬರೆಯಬೇಕಾಯಿತು. ಮೊಬೈಲಿನಲ್ಲಿ ಎರಡು ದಿನ ಮುಂಚಿನ ಅಲಾರಂ ಇಡುವುದು ಸುಲಭ.

ಮಗಳ ಜೊತೆ ಹೋದ ತಾಯಿ ತನ್ನ ಪರೀಕ್ಷೆಯ ವಿಚಾರವನ್ನೂ ಅಂದೇ ಕೇಳಬಹುದು. ಮೂವತ್ತರಿಂದ ಅರವತ್ತೈದು ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಮಾಡುವುದು ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿದೆ. ವಿನೆಗರ್‌ನಂಥ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ, ಬಿಳಿಚಿಕೊಳ್ಳುವ ಭಾಗವಿದೆಯೇ ಎಂದು ಕಣ್ಣಿನಲ್ಲೇ ನೋಡುವ ಈ ಪರೀಕ್ಷೆ ಕೆಲವೇ ನಿಮಿಷಗಳದ್ದು, ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಲಸಿಕೆ ಎಲ್ಲ ಬಗೆಗಳನ್ನೂ ತಡೆಯದಿರುವುದರಿಂದ, ಈಗ ಹಾಕಿಸಿಕೊಂಡ ಹುಡುಗಿಯರೂ ಮೂವತ್ತರ ನಂತರ ಇದನ್ನು ಮಾಡಿಸಿಕೊಳ್ಳಬೇಕಾಗುತ್ತದೆ. ನನ್ನದನ್ನು ಕಿರಿಯವಳ ಎರಡನೆಯ ಡೋಸಿನ ದಿನ ಮಾಡಿಸಿಕೊಂಡೆ. ಆ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಕಾಯುವ ಸರದಿ ಅವಳದಾಗಿತ್ತು.